ಹಾಲಲ್ಲಿ ಮುಳುಗಿದ ಮಿಲಾನಿನ ನಾಣ್ಯ

ನಾಗರಪಂಚಮಿಯ ಬೆಳಿಗ್ಗೆ ಮಹಡಿಯಿಂದ ಇಳಿದು ಬಂದರೆ, ಅಜ್ಜಿ ನನಗೆ ಇನ್ನೂ ಸಿಗದ ಕೆಲಸವನ್ನು ಹಾಲಿನಲ್ಲಿ ಮುಳುಗಿಸಿ ಕೂತಿದ್ದಳು.

ಸ್ಟೀಲ್ ಬಟ್ಟಲಿನ ತಳದಲ್ಲಿದ್ದದ್ದು ಮಿಲಾನ್ ನಗರವನ್ನಾಳಿದ ಡ್ಯೂಕನ ಕಾಲದ ಬೆಳ್ಳಿ ನಾಣ್ಯ. ಆರುನೂರು ವರ್ಷ ಹಳೆಯದು. ಈ ಪರದೇಶದಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂ ಪಕ್ಕದ ಅಡ್ಡರಸ್ತೆಯಲ್ಲಿ ಹಳೆ ನಾಣ್ಯ ಮಾರುವ ಹುಬ್ಬಳ್ಳಿಯ ಬಷೀರ್ ಅಂಕಲ್, ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದೋ ನೋಡೋಣವೆಂದು ಅದನ್ನು ಕೊಟ್ಟು ಕಳಿಸಿದ್ದರು. "ಇದರ ಮ್ಯಾಲ ನಾಕ್ ಸಾಲು ಬರ್ಕೊಂಡು ಬಾ. ತೊಳೀಬ್ಯಾಡ ಮತ್ತ!" ಮೇಲೆ ಹಿಡಿದಿರುವ ಕಪ್ಪೇ ಅದರ ವಯಸ್ಸಂತೆ, ಬೆಲೆಯಂತೆ.

"ಅಜ್ಜೀ! ಏನ್ ಮಾಡ್ದೆ?"

"ನಾಗಪ್ಪ ಕರ್ರಗೆ ಕೂತಿದ್ದ ಕಣೇ ಇಳಾ. ಹಬ್ಬದ ದಿನ ಹಾಗೆ ಬಿಡ್ತಾರಾ? ಹುಣಸೆಹಣ್ಣು ಹಚ್ಚಿ, ವಿಭೂತಿಲಿ ತಿಕ್ದೆ. ಈಗ ನೋಡು, ನಗ್ತಿದಾನೆ."

ನಾಣ್ಯದ ಮೇಲೆ ಹಾವಿರುವುದು ನಿಜ. ಅದರ ಬಾಯಲ್ಲಿ ಒಬ್ಬ ಮನುಷ್ಯನೂ ಇದ್ದಾನೆ. ಹಾವು ಅವನನ್ನು ನುಂಗುತ್ತಿದೆ ಅನ್ನುತ್ತಾರೆ ಅಂಕಲ್ ಎಂದೆ.

"ಥೂ, ನುಂಗೋದಾದ್ರೆ ಕೈ ಹೀಗೆ ಚಾಚ್ತಾನಾ? ಹುಟ್ತಿದಾನೆ" ಎಂದು ಅಜ್ಜಿ, ಹಾವಿನ ಹೊಟ್ಟೆಯಲ್ಲಿ ಹನ್ನೆರಡು ವರ್ಷ ಮಲಗಿದ್ದ ರಾಜಕುಮಾರನ ಕಥೆ ಶುರು ಮಾಡಿದಳು. ನನಗೆ ಅಳು ಬರುತ್ತಿತ್ತು, ಕಥೆಯೂ ಬೇಕಿತ್ತು. ಆ ಕಾಲದ ಟಂಕಸಾಲೆಯ ಸುತ್ತಿಗೆ ಏಟಿಗೆ ಓರೆಯಾಗಿ ಅಚ್ಚಾದ ಹಾವು ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಹಾಳಾಗಿದೆಯೋ, ಚೆಂದವಾಗಿದೆಯೋ, ನಿಜಕ್ಕೂ ತಿಳಿಯಲಿಲ್ಲ.

ನಮ್ಮ ಮನೆಯಿರುವ ವೆಸ್ಟ್‌ಮಂಟಿನಿಂದ ಅಂಗಡಿಗೆ ಇಪ್ಪತ್ತೈದು ಮೈಲಿ. ದಾರಿಯುದ್ದಕ್ಕೂ ಸುಳ್ಳು ಹೊಸೆದೆ. ಒಂದೊಂದನ್ನೂ ಹೆದ್ದಾರಿಯ ಮುಂದಿನ ಎಕ್ಸಿಟ್ ಬರುವಷ್ಟರಲ್ಲಿ ನಾನೇ ನಂಬುತ್ತಿರಲಿಲ್ಲ.

ಬಷೀರ್ ಅಂಕಲ್ ನಾಣ್ಯವನ್ನು ದೀಪದಡಿ ಹಿಡಿದರು. ಆಮೇಲೆ ಮೂಸಿದರು.

"ಹಾಲಿನ ವಾಸನಿ ಬರಾಕತ್ತೈತಲ್ಲ?"

"ಅಜ್ಜಿ ಪೂಜೆ ಮಾಡಿದ್ರು ಅಂಕಲ್."

"ಡ್ಯೂಕಗೇನು?"

"ಹಾವಿಗೆ."

ಅವರು ನಾಣ್ಯವನ್ನು ಮೇಜಿನ ಮೇಲಿಟ್ಟರು. "ಅರ್ಧ ಬೆಲಿ ಹೋತು ಬೇಟಾ" ಎಂದು ಒಂದು ಖಾಲಿ ಚೀಟಿ ನನ್ನ ಕಡೆ ತಳ್ಳಿದರು. "ನಾಣ್ಯದ ಜೋಡಿ ಗಿರಾಕಿ ಓದೂದು ಇದನ್ನ. ಏನ್ ಬರೀತಿ, ಬರಿ."

ಚೆನ್ನಾಗಿ ಹೊಳೆಯುತ್ತಿದೆ ಎಂದು ಬರೆದರೆ ಅದೂ ಸುಳ್ಳಲ್ಲವಲ್ಲ? ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಕೊನೆಗೆ ಬರೆದೆ: ಇತ್ತೀಚೆಗೆ ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯಲಾಗಿದೆ. ಗಾಬರಿಯಲ್ಲಿ ಕನ್ನಡದಲ್ಲೇ ಬರೆದಿದ್ದೆ.

ಅಂಕಲ್ ಓದಿದರು. ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೋ ನಗುತ್ತಾರೋ, ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

"ಇಂಗ್ಲಿಷಿನ್ಯಾಗ ಬರಿ, ಗಿರಾಕಿಗೆ ಹುಣಸೀಹಣ್ಣು ಗೊತ್ತಿರೂದಿಲ್ಲ" ಎಂದರು. "ಸೋಮವಾರ ಹತ್ತಕ್ಕ ಕೆಲಸಕ್ಕ ಬಾ. ನಾಣ್ಯ ಮಾತ್ರ ಮನಿಗೆ ಒಯ್ಯಂಗಿಲ್ಲ."