ಹೊಗೆ ಹಿಡಿದ ಕಾಡುತುಳಸಿ

ಎಂಟು ಗಂಟೆ ಕುದಿಸಿದರೆ ನಾಲ್ಕು ಹನಿ ಎಣ್ಣೆ. ಮೂರು ವರ್ಷದಿಂದ ಇದೇ ನನ್ನ ಬಾಳು. ಹೆತ್ತೂರಿನ ಭದ್ರಮ್ಮ ಒಣಗಿಸಿ ಕೊಡುವ ಕಾಡುತುಳಸಿಯನ್ನು ಮೈಸೂರಿಗೆ ಹೊತ್ತು ತರುವುದು, ಆವಿಯಲ್ಲಿ ಎಣ್ಣೆ ಇಳಿಸುವುದು, ಅದರಲ್ಲಿ ಏನೇನಿದೆ ಎಂದು ಯಂತ್ರಕ್ಕೆ ಕೊಟ್ಟು ನೋಡುವುದು, ಆಮೇಲೆ ಕೀವಿನ ರೋಗಾಣುಗಳ ಮೇಲೆ ಹಾಕುವುದು. ಹಾಕಿದಲ್ಲೆಲ್ಲ ಅವು ಸಾಯುತ್ತಿದ್ದವು. ಗೈಡ್ ದಯಾನಂದ ಸರ್ ಹಿರಿಹಿರಿ ಹಿಗ್ಗಿದ್ದರು. ಪಿಎಚ್‌ಡಿ ಪ್ರಬಂಧ ಟೈಪಿಗೆ ಹೋಗಿತ್ತು, ಒಪ್ಪಿಸಲು ಆರು ವಾರವಿತ್ತು. ಒಮ್ಮೆ ಮುಗಿದರೆ ಸಾಕಪ್ಪ ಎನಿಸಿಬಿಟ್ಟಿತ್ತು.

ಫಲಿತಾಂಶವನ್ನು ಮತ್ತೊಮ್ಮೆ ತಾಳೆ ನೋಡಲು, ಕೊನೆಯ ಸಲದ ಸೊಪ್ಪಿಗೆಂದು ತೊಂಬತ್ತೆಂಟರ ಜುಲೈನಲ್ಲಿ ಹೋದೆ. ಯಾವಾಗಲೂ ಭದ್ರಮ್ಮನೇ ಬಸ್ ನಿಲ್ಲುವಲ್ಲಿಗೆ ಚೀಲ ತಂದುಕೊಡುತ್ತಿದ್ದರು. ಈ ಸಲ ಅವರ ಕಾಲು ಉಳುಕಿತ್ತು, ನಾನೇ ದಿಬ್ಬ ಹತ್ತಿ ಮನೆಗೆ ಹೋದೆ. ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಯಲ್ಲಿ ನನ್ನ ಸೊಪ್ಪು ಹೊಗೆ ಕುಡಿಯುತ್ತಿತ್ತು.

"ನೆರಳಲ್ಲಿ ಒಣಗಿಸಿ ಅಂದಿದ್ನಲ್ಲ, ಭದ್ರಮ್ಮ!"

"ಇದು ನೆರಳಲ್ವೇನವ್ವ? ಬಿಸ್ಲು ಎಲ್ಲೈತೆ ಇಲ್ಲಿ?"

"ಮೂರು ವರ್ಷವೂ ಹೀಗೇನಾ?"

"ಇನ್ನೆಂಗೆ? ಈ ಮಳೇಲಿ ಹೊರಗಿಟ್ರೆ ಬೂಷ್ಟು ಹಿಡ್ದು ಹೋಗ್ಬುಡ್ತದೆ."

ಎಣ್ಣೆಯಲ್ಲಿ ಕಂಡಿದ್ದ, ರೋಗಾಣು ಕೊಲ್ಲುವ ಒಂದು ಫಿನಾಲನ್ನು 'ಈ ಪ್ರದೇಶದ ಗಿಡದ ವಿಶೇಷ' ಎಂದು ಎರಡು ಪುಟ ಬರೆದಿದ್ದೆ. ಸೌದೆ ಹೊಗೆಯಲ್ಲಿ ಅದು ಇದ್ದೇ ಇರುತ್ತದೆ. ಭದ್ರಮ್ಮನ ಮೇಲೆ ಸಿಟ್ಟು ಮಾಡಿ ಏನು ಬಂತು? ಮೂರು ವರ್ಷದಲ್ಲಿ ಒಂದು ದಿನವಾದರೂ ಈ ದಿಬ್ಬ ಹತ್ತಿ ನೋಡದ ಮಹಾ ಮೇಧಾವಿ ನಾನೇ.

ಹಸಿ ಸೊಪ್ಪು ಕೊಯ್ದು ತಂದು ಎಣ್ಣೆ ಇಳಿಸಿದೆ. ಆ ಫಿನಾಲ್ ಅದರಲ್ಲಿರಲಿಲ್ಲ. ರೋಗಾಣುಗಳು ಎಣ್ಣೆಯ ಅಂಚಿನವರೆಗೂ ಹಾಯಾಗಿ ಬೆಳೆದವು.

"ಹಸಿ ಸೊಪ್ಪಿನ ಕಥೆ ಯಾರು ಕೇಳ್ತಾರೆ ತನುಜಾ? ಒಪ್ಪಿಸಿಬಿಡು," ಎಂದರು ಸರ್. ಒಪ್ಪಿಸಲು ನನಗೂ ಆಸೆಯಿತ್ತು, ಸುಳ್ಳೇಕೆ? ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಟೈಪಿಸ್ಟ್ ಬಳಿಯಿಂದ ಹಾಳೆಗಳನ್ನು ವಾಪಸು ತಂದೆ. ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಗಿತ್ತು ಮೂರು ವರ್ಷ.

ಮತ್ತೆ ಹೆತ್ತೂರಿಗೆ ಹೋಗಿ, "ನಿಮ್ಮ ಸೊಪ್ಪಲ್ಲಿ ಔಷಧಿ ಗುಣ ಇಲ್ಲ ಭದ್ರಮ್ಮ. ಹಸೀದು ಹಾಕಿದ್ರೆ ಏನೂ ಆಗಲ್ಲ," ಎಂದೆ.

ಅವರು ಬಾಯಿಗೆ ಸೆರಗಿಟ್ಟು ನಕ್ಕರು. "ಹಸೀದು ಯಾರು ಹಾಕ್ತಾರವ್ವ? ನಮ್ಮತ್ತೆ ಕಾಲ್ದಿಂದ ಗಾಯಕ್ಕೆ ಹೊಗೇಲಿಟ್ಟಿದ್ದೇ ಹಾಕೋದು. ನೀನು ಕೇಳಿದ್ರೆ ಹೇಳ್ತಿದ್ದೆ."

ಕೇಳಿರಲಿಲ್ಲ. ಒಲೆಯ ಪಕ್ಕ ಕುಳಿತು ಹೊಸ ನೋಟ್‌ಬುಕ್ ತೆರೆದೆ. ಈ ಸಲ ಹೊಗೆಯಿಂದಲೇ ಶುರು ಮಾಡಬೇಕಿತ್ತು, ಅದೂ ಸೌದೆಗೊಂದು ಬಗೆ.

"ಒಲೆಗೆ ಯಾವ ಸೌದೆ ಹಾಕ್ತೀರಿ?"

"ಯಾವ್ದು ಅಂತ ಹೇಳ್ಲಿ? ಕಾಫಿ ಕಡ್ಡಿ, ಸಿಲ್ವರ್ ಓಕು, ಹಲಸು... ದಿನಕ್ಕೊಂದು ಕಣವ್ವ, ಸಿಕ್ಕಿದ್ದು."