ನಗುವ ಮುಖಕ್ಕೊಂದು ಪಳಂಪೊರಿ

"ನಗ್ರೋ ಹಲ್ಕಟ್ ಮಕ್ಕಳಾ! ಹಲ್ಲು ಕಾಣ್ಲಿ!"

ಸೂಪರ್‌ವೈಸರ್ ವಿಲ್ಸನ್ ಅಪ್ಪಟ ಮಲಯಾಳಿ. ಕನ್ನಡ ಕಲಿತದ್ದು ಕೊಪ್ಪಳದಿಂದ ಬಂದ ನಮ್ಮಂಥ ಕೂಲಿಗಳ ಬಾಯಿಂದ. ಹಾಗಾಗಿ ಬೈಗುಳದಲ್ಲಿ ಮಾತ್ರ ಪಂಡಿತ. ಅವನ ನಾಡಿನ ಕಳಕ್ಕೂಟಂನಲ್ಲಿ ನಾವು ಟೆಕ್ಕಿಗಳಿಗೆ ಫ್ಲಾಟು ಕಟ್ಟುತ್ತಿದ್ದೆವು. ನಮ್ಮ ಮಕ್ಕಳು ಎಷ್ಟು ಸುಖವಾಗಿದ್ದಾರೆಂದು ಅಳೆಯಲು ಅವತ್ತು ಸರ್ಕಾರದ ಸಾಹೇಬರೊಬ್ಬರು ಬರುವವರಿದ್ದರು. ಅಳುವುದರಿಂದ ನಗುವವರೆಗೆ ಐದು ಮುಖಗಳ ಚಿತ್ರ ತೋರಿಸುತ್ತಾರಂತೆ. ನಗುವ ಮುಖ ಮುಟ್ಟಿದವರಿಗೆ ವಿಲ್ಸನ್ ಕಡೆಯಿಂದ ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ. ಅಳುವ ಮುಖ ಮುಟ್ಟಿದರೆ ನಾವಿರುವ ಶೆಡ್ಡು ಖಾಲಿ ಮಾಡಬೇಕು.

ಸೈಟಿನಲ್ಲಿದ್ದ ಒಂದೇ ಕಕ್ಕಸಿಗೆ ವಿಲ್ಸನ್ ಬೀಗ ಜಡಿದಿದ್ದ. ಅದು ಫ್ಲಾಟು ನೋಡಲು ಬರುವವರಿಗಂತೆ. ಸುತ್ತ ಗಾಜಿನ ಆಫೀಸುಗಳು, ಮರೆಯೆಂಬುದಿಲ್ಲ. ನಾವು ಹೆಣ್ಣುಮಕ್ಕಳು ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ನನ್ನ ಮಗಳು ವಿಜೇತಾ ಉರಿಮೂತ್ರ ಬಂದು ಮಲಗಿ ಎದ್ದಿದ್ದಳು.

ಸಾಹೇಬರ ಹೆಸರು ಸುದರ್ಶನ, ಕಾಸರಗೋಡಿನವರು. ಕನ್ನಡ ಬರುತ್ತದೆಂದೇ ಕಳಿಸಿದ್ದರು. ವಿಲ್ಸನ್ ಎಳನೀರಿನ ಮೇಲೆ ಎಳನೀರು ಕೆತ್ತಿಸಿ ಕೊಟ್ಟ. ಅವರು ಕುಡಿದದ್ದೇ ಕುಡಿದದ್ದು.

"ನೀರು ಸರಿಯಾಗಿ ಕುಡೀತೀಯಾ ಪುಟ್ಟಿ?" ಎಂದು ನನ್ನ ಮಗಳನ್ನು ಕೇಳಿದರು.

"ಇಲ್ರಿ. ಕುಡಿದ್ರ ಉಚ್ಚಿ ಬರ್ತೈತಿ," ಎಂದಳು ವಿಜೇತಾ.

"ಅದೆಲ್ಲ ನಮ್ಮ ಪ್ರಶ್ನೆಯಲ್ಲಿ ಇಲ್ಲ ಮಾರಾಯ್ತಿ. ಮುಖ ಮುಟ್ಟು."

ವಿಲ್ಸನ್ ಕೆಮ್ಮಿದ. ವಿಜೇತಾ ನಗುವ ಮುಖ ಮುಟ್ಟಿ ಪಳಂಪೊರಿ ಕಸಿದುಕೊಂಡಳು. ಒಂದೇ ಗಳಿಗೆಯಲ್ಲಿ ಸೈಟಿನ ಮಕ್ಕಳೆಲ್ಲ ಸುಖಿಗಳಾಗಿಬಿಟ್ಟರು.

ಅಷ್ಟರಲ್ಲಿ ಎಳನೀರು ತನ್ನ ಕೆಲಸ ಶುರುಮಾಡಿತು. ಸಾಹೇಬರು ಎದ್ದರು, ಕೂತರು, ಕಾಲು ಹೆಣೆದುಕೊಂಡರು.

"ಇಲ್ಲಿ ಟಾಯ್ಲೆಟ್ ಎಲ್ಲಿ ಉಂಟು ಮಾರಾಯ್ರೇ?"

ವಿಲ್ಸನ್ ಜೇಬು ತಡಕಿ ಪೆಚ್ಚಾದ. "ಸಾರ್... ಕೀಲಿ ಎಂಜಿನಿಯರ್ ಸಾರ್ ಹತ್ರ. ಅವ್ರು ಕೊಚ್ಚಿಗೆ ಹೋದ್ರು."

ವಿಜೇತಾ ಎಣ್ಣೆಗೈಯಲ್ಲೇ ಚಿತ್ರ ಎತ್ತಿ ಅವರ ಮೂಗಿಗೆ ಹಿಡಿದಳು. "ಸಾಹೇಬ್ರ, ಈಗ ನಿಮ್ಮ ಮಾರಿ ಯಾವುದ್ರಿ? ಮುಟ್ರಿ."

ಸಾಹೇಬರು ಬೆವರುತ್ತ ಅಳುವ ಮುಖ ಮುಟ್ಟಿದರು.

ನಾನು ಹಾರೆ ಎತ್ತಿಕೊಂಡೆ.

"ಏ ರಂಡೆ, ಬೀಗ ಮುಟ್ಟಿದ್ರ ಕೈ ಮುರೀತೇನಿ!" ಎಂದು ವಿಲ್ಸನ್ ಕಿರುಚಿದ.

"ನೀವು ಒಡೀರಿ ಅಮ್ಮಾ, ಬೇಗ!" ಎಂದು ಸಾಹೇಬರು ಅವನಿಗಿಂತ ಜೋರಾಗಿ ಕಿರುಚಿದರು.

ಒಂದೇ ಏಟಿಗೆ ಬೀಗ ಉದುರಿತು. ಸಾಹೇಬರು ನುಗ್ಗಿ ಬಂದರು. ನಾನು ಹಾರೆಯನ್ನು ಬಾಗಿಲಿಗೆ ಅಡ್ಡ ಹಿಡಿದೆ.

"ಪಾಳಿ ಹಚ್ರಿ ಸಾಹೇಬ್ರ. ಮೊದಲು ಹುಡುಗ್ಯಾರು."

ವಿಜೇತಾ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಸೈಟಿನ ಹುಡುಗಿಯರೆಲ್ಲ ಪಳಂಪೊರಿ ಮೆಲ್ಲುತ್ತ ಸಾಲು ನಿಂತರು. ಸಾಲಿನ ಕೊನೆಗೆ ಸಾಹೇಬರು ಒಂಟಿಕಾಲಲ್ಲಿ ಕುಣಿಯುತ್ತಿದ್ದರು.

ಒಳಗಿನಿಂದ ವಿಜೇತಾ ಹಾಡುವುದು ಕೇಳಿಸಿತು. ಅವಳಿಗೆ ಯಾವ ಅವಸರವೂ ಇರಲಿಲ್ಲ.