ಕೋಪ, ಗಂಡಸು, ನಡುವಯಸ್ಸು

"ಅದು ನಾನೇ," ಎಂದು ಮೂರನೆಯ ಸಲ ಹೇಳಿದ.

ಗಾಜಿನ ಕಿಂಡಿಯ ಆಚೆ ಕೂತಿದ್ದ ಪತ್ರಿಕೆಯ ಗುಮಾಸ್ತೆ ಪರದೆಯ ಮೇಲಿನ ಹಳೆಯ ಫೋಟೋವನ್ನೂ ಅವನನ್ನೂ ಮತ್ತೆ ಮತ್ತೆ ನೋಡಿದಳು. ಫೋಟೋದಲ್ಲಿ ಜನಜಂಗುಳಿಯ ನಡುವೆ ಒಬ್ಬ ಗಂಡಸು ಕೈ ಮೇಲೆತ್ತಿ, ಕತ್ತಿನ ನರ ಉಬ್ಬಿಸಿ, ಬಾಯಿ ತೆರೆದು ಕೂಗುತ್ತಿದ್ದ. ಕಿಂಡಿಯ ಈಚೆ ನಿಂತಿದ್ದವನೋ ಕಾಲೇಜಿನ ಗ್ರಂಥಪಾಲಕ. ಇಪ್ಪತ್ತೆರಡು ವರ್ಷದಿಂದ ಊರವರ ಮಕ್ಕಳಿಗೆಲ್ಲ ಸದ್ದು ಮಾಡಬೇಡಿ ಎನ್ನುತ್ತ ಬಂದವನು.

"ಏನು ತೊಂದ್ರೆ ಸರ್ ನಿಮ್ಗೆ? ನಮ್ಮ ಇಡೀ ಫೋಟೋ ಸಂಗ್ರಹದಲ್ಲಿ ಜನ ಹೆಚ್ಚು ಕೇಳೋದು ಇದನ್ನೇ."

"ಹಣೆಪಟ್ಟಿ ತಪ್ಪಾಗಿದೆ."

ಚಿತ್ರದ ಕೆಳಗೆ ಬರೆದಿತ್ತು: ಕೋಪ, ಗಂಡಸು, ನಡುವಯಸ್ಸು. ಜನಾಕ್ರೋಶ.

ಹದಿನೈದು ವರ್ಷದ ಹಿಂದೆ, ಆ ದಿನ ಚೌಕದಲ್ಲಿ ಮೆರವಣಿಗೆಯಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದ ಮಗಳಿಗೆ ಚಪ್ಪಲಿ ಕೊಡಿಸಲು ಹೋಗಿದ್ದ. ಜನ ನುಗ್ಗಿದರು, ಹಿಡಿದಿದ್ದ ಕೈ ತಪ್ಪಿತು. "ಗುಬ್ಬೀ, ಗುಬ್ಬೀ" ಎಂದು ಹನ್ನೊಂದು ನಿಮಿಷ ಅರಚಿದ್ದ. ಆ ಮಹಾರಾಯ್ತಿ ಚಪ್ಪಲಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಆರಾಮಾಗಿ ಕಾಲಾಡಿಸುತ್ತಿದ್ದಳು. ಮರುದಿನದ ಪತ್ರಿಕೆಯಲ್ಲಿ ಅವನು ಸರ್ಕಾರವನ್ನು ಬೈಯುತ್ತಿದ್ದ.

ಸರ್ಕಾರಗಳು ಬದಲಾದವು, ಚಿತ್ರ ಬದಲಾಗಲಿಲ್ಲ. ಆ ಪಕ್ಷದವರು ಇವರ ಮೇಲೆ, ಈ ಪಕ್ಷದವರು ಅವರ ಮೇಲೆ ಅದೇ ಬಾಯನ್ನು ಎತ್ತಿ ಹಿಡಿದರು. ಸುಳ್ಳೇಕೆ, ಅವನಿಗೂ ಒಳಗೊಳಗೇ ಹೆಮ್ಮೆಯಿತ್ತು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು "ಇದು ನೀನಾ ಅಪ್ಪ?" ಎಂದು ಕಣ್ಣರಳಿಸಿದಾಗ "ಹೂಂ" ಎಂದಿದ್ದ. ಏನು ಕೂಗುತ್ತಿದ್ದೆ ಎಂಬುದನ್ನು ಮಾತ್ರ ನುಂಗಿಕೊಂಡಿದ್ದ. ಎಡವಟ್ಟಾದದ್ದು ಅಲ್ಲೇ.

ಈ ಬೆಳಿಗ್ಗೆ ಅವಳು ಆ ಚಿತ್ರದ ಅವನ ಮುಖವನ್ನೇ ಕೋಲಿಗೆ ಅಂಟಿಸಿಕೊಂಡು ಚೌಕದ ಮೆರವಣಿಗೆಗೆ ಹೊರಟಿದ್ದಳು.

"ಇವತ್ತು ಲಾಠಿ ಬೀಸ್ತಾರಂತೆ. ಬೇಡ ಗುಬ್ಬಿ."

"ನೀನು ಹೋಗಿರ್ಲಿಲ್ವಾ?"

"ನಾನು ನಿನ್ನ ಹುಡುಕ್ತಾ ಇದ್ದೆ ಕಣೇ. ನಿನ್ನ ಹೆಸರು ಕೂಗ್ತಾ ಇದ್ದೆ."

ಮಗಳು ನಕ್ಕಿದ್ದಳು. "ಹೆದರಿಕೆ ಆದ್ರೆ ಆಗ್ಲಿ ಬಿಡಪ್ಪ, ಅದಕ್ಕೆ ಕಥೆ ಕಟ್ಬೇಡ. ಪತ್ರಿಕೆಯಲ್ಲೇ ಬರೆದಿದಾರಲ್ಲ."

"ಅವರ ಕೈಯಲ್ಲೇ ತಪ್ಪು ಅಂತ ಬರೆಸಿ ತಂದ್ರೆ?"

"ತಾ, ನಂಬ್ತೀನಿ. ಮನೆಗೂ ಬರ್ತೀನಿ. ನಾಲ್ಕು ಗಂಟೆವರೆಗೆ ಮುಂದಿನ ಸಾಲಲ್ಲೇ ಇರ್ತೀನಿ."

ಈಗ ಮೂರೂಕಾಲು. ಬರೆಸಿಕೊಳ್ಳದೆ ಈ ಕಿಂಡಿ ಬಿಟ್ಟು ಕದಲುವುದಿಲ್ಲ ಎಂದು ಅವನು ನಿರ್ಧರಿಸಿಯಾಗಿತ್ತು. ತಪ್ಪು ಕಪಾಟಿಗೆ ಸೇರಿದ ಪುಸ್ತಕ ಕಳೆದುಹೋದಂತೆಯೇ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ನೀವೇ ಅಂತ ಈ ಮುಖ ಹೋಲಿಸೋ ಯಂತ್ರ ಒಪ್ಪಿದ್ರೆ ತಿದ್ದುಪಡಿ ಚೀಟಿ ತಾನಾಗೇ ಬರುತ್ತೆ," ಎಂದಳು ಗುಮಾಸ್ತೆ. "ಕ್ಯಾಮೆರಾ ನೋಡಿ."

ಹೋಲಿಕೆ ನೂರಕ್ಕೆ ಮೂವತ್ತೊಂದು.

"ಬಾಯಿ ತೆರೀರಿ."

ಹಲ್ಲಿನ ಡಾಕ್ಟರ ಮುಂದೆ ತೆರೆದಂತೆ ತೆರೆದ. ಮೂವತ್ತನಾಲ್ಕು.

"ಅವತ್ತಿನ ತರ ಕೂಗಿ ಸರ್."

"ಆ..." ಎಂದ. ಇಪ್ಪತ್ತೆಂಟಕ್ಕೆ ಇಳಿಯಿತು. ಹಿಂದೆ ನಿಂತವನೊಬ್ಬ ಕಿಸಕ್ಕನೆ ನಕ್ಕ. ತನ್ನಂತೆ ತಾನಿರಲು ಬಾರದವನನ್ನು ಕಂಡರೆ ಯಾರಿಗಾದರೂ ನಗು ಬಂದೀತು.

"ನಾಳೆ ಬನ್ನಿ."

"ನಾಳೆ ಆಗೋದಿಲ್ಲ. ಇನ್ನೊಂದ್ಸಲ ನೋಡಿ."

ಕಿಂಡಿಯ ಮೇಲೆ, ಗೋಡೆಯಲ್ಲಿ ಸದ್ದು ಅಡಗಿಸಿಟ್ಟ ಟೀವಿಯಿತ್ತು. ಅದರಲ್ಲಿ ಚೌಕ. ಅವನ ಮುಖಗಳು ನೂರಾರು ಕೋಲುಗಳ ಮೇಲೆ ತೂಗಾಡುತ್ತಿದ್ದವು. ಇದ್ದಕ್ಕಿದ್ದಂತೆ ಮುಖಗಳೆಲ್ಲ ಒಂದೇ ಕಡೆ ವಾಲಿದವು, ಲಾಠಿಗಳು ಎದ್ದವು. ಮುಂದಿನ ಸಾಲು ಮುರಿದ ಜಾಗದಲ್ಲಿ ಮಗಳು ಕಂಡಳು. ಕೈಯಲ್ಲಿ ಕೋಲಿರಲಿಲ್ಲ. ಕೈ ಮೇಲಿತ್ತು, ಬಾಯಿ ತೆರೆದಿತ್ತು. ಘೋಷಣೆಯೋ? ಅಪ್ಪನನ್ನು ಕರೆಯುತ್ತಿದ್ದಳೋ? ಕೆಳಗೆ ಪಟ್ಟಿ ಓಡುತ್ತಿತ್ತು: ಜನಾಕ್ರೋಶ.

"ಗುಬ್ಬೀ!"

ಇಡೀ ಕಚೇರಿ ತಿರುಗಿ ನೋಡಿತು. "ಶ್, ಸದ್ದು ಮಾಡ್ಬೇಡಿ," ಎಂದ ಕಾವಲಿನವನು.

"ಬಂತು ಸರ್!" ಗುಮಾಸ್ತೆಯ ಮುಖ ಅರಳಿತು. "ತೊಂಬತ್ತೆಂಟು! ನೀವೇ!"

ಚೀಟಿ ಹೊರಗೆ ಬಂತು. ಅವನು ಅದನ್ನು ಕಿತ್ತುಕೊಂಡು ಮೆಟ್ಟಿಲಿಳಿಯುತ್ತಲೇ ಓದಿದ. ಯಂತ್ರ ತಪ್ಪನ್ನು ತಿದ್ದಿತ್ತು: ಕೋಪ, ಗಂಡಸು, ಇಳಿವಯಸ್ಸು.

ಬೀದಿಯ ತುದಿಯಿಂದ ಚೌಕದ ಗದ್ದಲ ಕೇಳುತ್ತಿತ್ತು. ಯಾವ ಕೂಗು ಯಾರದೆಂದು ತಿಳಿಯುವಂತಿರಲಿಲ್ಲ. ಎದುರಿನಿಂದ ಜನ ಓಡಿ ಬರುತ್ತಿದ್ದರು. ಅವನು ಅವರನ್ನು ಸೀಳಿಕೊಂಡು ಮುಂದಕ್ಕೆ ನುಗ್ಗಿದ. ಚೀಟಿ ಹರಿಯದಿರಲೆಂದು ಕೈಯನ್ನು ಮೇಲೆತ್ತಿದ. ಮಗಳನ್ನು ಕೂಗಿದ. ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದವರು ಒಬ್ಬೊಬ್ಬರಾಗಿ ಫೋನು ಎತ್ತಿ ಅವನತ್ತ ಹಿಡಿದರು.